"ಅಣ್ಣಾ, ಗಟ್ಟಿ ಗಾಡಿ ಯಾವುದು?": ಗ್ಯಾರೇಜಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿಯ ಸಿರುಗುಪ್ಪ ರಸ್ತೆ ಕಡೆ ನಮ್ಮದೊಂದು ಸಣ್ಣ ಗ್ಯಾರೇಜು. ಊರಿನ ಕೆಎ-34 ಗಾಡಿಗಳ ಜೊತೆಗೆ ಹೊಸಪೇಟೆಯ 35, ರಾಯಚೂರಿನ 36, ಕೊಪ್ಪಳದ 37 ಕೂಡ ಬರುತ್ತವೆ. ನಂಬರ್ ಪ್ಲೇಟ್ ಬೇರೆ ಬೇರೆ, ಕೇಳುವ ಪ್ರಶ್ನೆ ಮಾತ್ರ ಅವೇ. ಗಾಡಿ ಜಾಕಿನ ಮೇಲೆ ನಿಂತಿರುತ್ತದೆ, ಕೈಯಲ್ಲಿ ಚಹಾ ಇರುತ್ತದೆ, ಮಾತು ಶುರುವಾಗುತ್ತದೆ. ಪ್ರತಿ ಸಲ ಹೇಳಿ ಹೇಳಿ ಸಾಕಾಗಿ ಒಂದು ಕಡೆ ಬರೆದಿಟ್ಟಿದ್ದೇನೆ. ಕೆಲವಕ್ಕೆ ಉದ್ದ ಉತ್ತರ ಇದೆ, ಕೆಲವಕ್ಕೆ ಒಂದೇ ಸಾಲು.

ಅಣ್ಣಾ, ಎಲ್ಲಕ್ಕಿಂತ ಗಟ್ಟಿ ಗಾಡಿ ಯಾವುದು?

ಈ ಪ್ರಶ್ನೆ ಕೇಳುವವರು ಮೊದಲು ಮಾಡುವ ಕೆಲಸ ಒಂದಿದೆ. ಬೆರಳ ಗೆಣ್ಣಿನಿಂದ ಬಾನೆಟ್ ಮೇಲೆ ಎರಡು ಸಲ ಬಡಿಯುತ್ತಾರೆ. "ಟಣ್" ಅಂದ್ರೆ ತಗಡು, "ಧಪ್" ಅಂದ್ರೆ ಗಟ್ಟಿ. ಮಾರುಕಟ್ಟೆಯಲ್ಲಿ ಕಲ್ಲಂಗಡಿ ಆರಿಸುವ ಹಾಗೆ.

ಬಾನೆಟ್ ಬಡಿದರೆ ಏನೂ ಗೊತ್ತಾಗುವುದಿಲ್ಲ. ಕಾರಿನ ಹೊರಗಿನ ತಗಡು ಬರೀ ಅಂಗಿ ಇದ್ದ ಹಾಗೆ. ಎಲುಬು ಒಳಗಿದೆ. ಬಾಗಿಲ ರಬ್ಬರ್ ಬೀಡಿಂಗ್ ಎಳೆದರೆ ಪಿಲ್ಲರ್ ಕಾಣುತ್ತದೆ. ಆ ಕಂಬಗಳು, ಛಾವಣಿಯ ಅಂಚು, ಬಾಗಿಲ ಕೆಳಗಿನ ಪಟ್ಟಿ, ನೆಲ, ಇವೆಲ್ಲ ಸೇರಿ ಒಂದು ಪಂಜರ. ಅದು ಮುರಿಯಬಾರದು. ಅದರ ಮುಂದಿನ ಭಾಗ ಮತ್ತು ಹಿಂದಿನ ಭಾಗ ಮುದುಡಲೇಬೇಕು. ಮುದುಡಲಿ ಅಂತಲೇ ಹಾಗೆ ಮಾಡಿರುತ್ತಾರೆ.

ಎಪಿಎಂಸಿ ಯಾರ್ಡಿನಲ್ಲಿ ಹಮಾಲರನ್ನು ನೋಡಿ. ಚೀಲ ಬೆನ್ನ ಮೇಲೆ ಬೀಳುವ ಹೊತ್ತಿಗೆ ಮೊಣಕಾಲು ಸ್ವಲ್ಪ ಬಗ್ಗಿಸುತ್ತಾರೆ. ಸೆಟೆದು ನಿಂತರೆ ಬೆನ್ನು ಹೋಯಿತು. ಕಾರಿನ ಮೂತಿಯೂ ಅದೇ ಕೆಲಸ ಮಾಡುತ್ತದೆ. ಲೆಕ್ಕ ಹಾಕಿ ನೋಡಿ. ಗಂಟೆಗೆ 64 ಕಿ.ಮೀ. ವೇಗದಲ್ಲಿ ಗೋಡೆಗೆ ಹೊಡೆದ ಗಾಡಿಯ ಮೂತಿ 60 ಸೆಂ.ಮೀ. ಮುದುಡಿದರೆ, ಬೆಲ್ಟ್ ಹಾಕಿಕೊಂಡ 60 ಕೆಜಿ ಮನುಷ್ಯನ ಮೇಲೆ ಸರಾಸರಿ 16 ಕ್ವಿಂಟಲ್ ಒತ್ತಡ ಬೀಳುತ್ತದೆ. ಅದೇ ಗಾಡಿ ಕಲ್ಲಿನ ಹಾಗೆ ಗಟ್ಟಿಯಾಗಿದ್ದು 10 ಸೆಂ.ಮೀ. ಮಾತ್ರ ಮುದುಡಿದರೆ ಅದು ಸುಮಾರು 97 ಕ್ವಿಂಟಲ್ ಆಗುತ್ತದೆ. ಗಾಡಿ ಉಳಿಯುತ್ತದೆ, ಒಳಗಿದ್ದವನು ಉಳಿಯುವುದಿಲ್ಲ.

ಇದನ್ನು ಮೊದಲು ಸರಿಯಾಗಿ ಹಿಡಿದವರು ಬೇಲಾ ಬಾರೆನಿ ಎಂಬ ಎಂಜಿನಿಯರ್. ಮರ್ಸಿಡಿಸ್ ಕಂಪನಿಯಲ್ಲಿದ್ದರು. 1951ರಲ್ಲೇ ಇದಕ್ಕೆ ಪೇಟೆಂಟ್ ಅರ್ಜಿ ಹಾಕಿದ್ದರು. ನಮ್ಮಲ್ಲಿ ಇನ್ನೂ ಬಾನೆಟ್ ಬಡಿಯುತ್ತಿದ್ದೇವೆ.

ಏನೇ ಹೇಳಿ, ಹಳೇ ಅಂಬಾಸಿಡರ್ ಗಟ್ಟಿ ಇತ್ತಲ್ವಾ?

ತಗಡು ದಪ್ಪ ಇತ್ತು, ನಿಜ. ಸಣ್ಣಪುಟ್ಟ ಗುದ್ದಿಗೆ ಅದಕ್ಕೇನೂ ಆಗುತ್ತಿರಲಿಲ್ಲ. ಟಿಂಕರಿಂಗ್ ಮಾಡುವವರಿಗೆ ಸುತ್ತಿಗೆ ಇದ್ದರೆ ಸಾಕಿತ್ತು. ನನಗೂ ಆ ಗಾಡಿ ಮೇಲೆ ಪ್ರೀತಿ ಇದೆ, 2014ರಲ್ಲಿ ನಿಂತಾಗ ಬೇಜಾರಾಗಿತ್ತು. ಆದರೆ ಜೋರಾದ ಗುದ್ದಿಗೆ ಹಳೇ ಗಾಡಿ ಬೇರೆಯೇ ಕಥೆ.

2009ರಲ್ಲಿ ಅಮೆರಿಕದ ವಿಮಾ ಕಂಪನಿಗಳ ಸುರಕ್ಷತಾ ಸಂಸ್ಥೆ ಒಂದು ಪ್ರಯೋಗ ಮಾಡಿತು. 1959ರ ಷೆವರ್ಲೆ ಬೆಲ್ ಏರ್, 2009ರ ಷೆವರ್ಲೆ ಮಾಲಿಬು, ಎರಡನ್ನೂ ಎದುರುಬದುರು ಓಡಿಸಿ ಗುದ್ದಿಸಿದರು. ಬೆಲ್ ಏರ್ ಅಂದ್ರೆ ಹಡಗಿನಂಥ ಗಾಡಿ. ವಿಡಿಯೋ ಇದೆ, ನೋಡಿ. ಹಳೇ ಗಾಡಿಯ ಡ್ರೈವರ್ ಕೂರುವ ಜಾಗವೇ ಕುಸಿದುಹೋಯಿತು. ಡ್ರೈವರ್ ಬದಲು ಕೂರಿಸಿದ್ದ ಗೊಂಬೆಯ ಮೈಮೇಲೆ ಸ್ಟೀರಿಂಗ್ ಬಂತು. ಹೊಸ ಗಾಡಿಯ ಮೂತಿ ಪೂರ್ತಿ ಚಪ್ಪಟೆಯಾಯಿತು, ಒಳಗಿನ ಗೊಂಬೆಗೆ ಕಾಲಿಗೆ ಸಣ್ಣ ಪೆಟ್ಟಿನ ಲೆಕ್ಕ ಬಂತು, ಅಷ್ಟೇ. ಹೆದ್ದಾರಿ ಬದಿಯಲ್ಲಿ ಮೂತಿ ಚಪ್ಪಟೆಯಾದ ಗಾಡಿ ನೋಡಿ "ಛೇ, ಪ್ಲಾಸ್ಟಿಕ್ ಡಬ್ಬಾ" ಅನ್ನುವ ಮುಂಚೆ ಬಾಗಿಲು ತೆರೆಯುತ್ತಿದೆಯಾ, ಒಳಗೆ ಜಾಗ ಉಳಿದಿದೆಯಾ ನೋಡಿ.

ಫೈವ್ ಸ್ಟಾರ್ ಇದ್ರೆ ಧೈರ್ಯವಾಗಿ ಓಡಿಸಬಹುದಾ?

ಸ್ಟಾರ್ ನೋಡಿ ಕೊಳ್ಳಿ, ಒಳ್ಳೆಯದೇ. 2014ರಲ್ಲಿ, ಗಾಡಿ ಗುದ್ದಿಸಿ ಸುರಕ್ಷತೆಗೆ ಸ್ಟಾರ್ ಕೊಡುವ ಸಂಸ್ಥೆ ಗ್ಲೋಬಲ್ ಎನ್‌ಕ್ಯಾಪ್ ನಮ್ಮ ಕಾರುಗಳನ್ನು ಮೊದಲ ಸಲ ಗುದ್ದಿಸಿ ನೋಡಿದಾಗ ಎಷ್ಟೋ ಗಾಡಿಗೆ ದೊಡ್ಡವರ ಸುರಕ್ಷತೆಯಲ್ಲಿ ಸೊನ್ನೆ ಬಂದಿತ್ತು. 2018ರಲ್ಲಿ ಟಾಟಾ ನೆಕ್ಸಾನ್ ಐದು ಸ್ಟಾರ್ ತಗೊಂಡ ಮೇಲೆ ಜನ ಶೋರೂಮಿನಲ್ಲಿ ಮೈಲೇಜ್ ಜೊತೆಗೆ ಸ್ಟಾರ್ ಕೂಡ ಕೇಳೋಕೆ ಶುರು ಮಾಡಿದರು. 2023ರ ಅಕ್ಟೋಬರ್ 1ರಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ಇದೆ. ಅದರಲ್ಲಿ ದೊಡ್ಡವರಿಗೆ 32 ಅಂಕ, ಮಕ್ಕಳಿಗೆ 49 ಅಂಕ. ಎರಡನ್ನೂ ಬೇರೆ ಬೇರೆ ನೋಡಬೇಕು.

ಒಂದು ವಿಷಯ ಮಾತ್ರ ನೆನಪಿಡಿ. ಮುಂದಿನಿಂದ ಗುದ್ದಿಸುವ ಪರೀಕ್ಷೆ ನಡೆಯುವುದು 64 ಕಿ.ಮೀ. ವೇಗದಲ್ಲಿ. ಹೊಸಪೇಟೆ ಹೆದ್ದಾರಿಯಲ್ಲಿ ನೀವು ಹೋಗುವುದು 100ರಲ್ಲಿ. ವೇಗ ಒಂದೂವರೆ ಪಟ್ಟು ಆದರೆ ಗುದ್ದಿನ ಶಕ್ತಿ ಒಂದೂವರೆ ಪಟ್ಟಲ್ಲ, ಸುಮಾರು ಎರಡೂವರೆ ಪಟ್ಟು. 64ರಲ್ಲಿ ಗುದ್ದುವುದು ಐದನೇ ಮಹಡಿಯಿಂದ ಬಿದ್ದ ಹಾಗೆ. 100ರಲ್ಲಿ ಹದಿಮೂರನೇ ಮಹಡಿ. ಬಳ್ಳಾರಿಯಲ್ಲಿ ಅಷ್ಟು ಎತ್ತರದ ಕಟ್ಟಡ ಹುಡುಕಬೇಕು. ಆ ಮಹಡಿಗೆ ಯಾರೂ ಸ್ಟಾರ್ ಕೊಟ್ಟಿಲ್ಲ.

ಆರು ಏರ್‌ಬ್ಯಾಗ್ ಇದೆಯಲ್ಲ, ಬೆಲ್ಟ್ ಯಾಕೆ?

ಏರ್‌ಬ್ಯಾಗ್ ಬಿಚ್ಚುವುದು ಕಣ್ಣು ಮಿಟುಕಿಸುವುದಕ್ಕಿಂತ ಬೇಗ. ಅಷ್ಟು ಜೋರಾಗಿ ಬರುವ ಚೀಲಕ್ಕೆ ನೀವು ಎದುರಿಂದ ಹಾರಿ ಹೋಗಿ ಬಿದ್ದರೆ ಅದು ದಿಂಬಲ್ಲ, ಗುದ್ದು. ಬೆಲ್ಟ್ ನಿಮ್ಮನ್ನು ಸೀಟಿಗೆ ಹಿಡಿದಿಟ್ಟರೆ ಮಾತ್ರ ಚೀಲ ಸರಿಯಾದ ಹೊತ್ತಿಗೆ ಮುಖಕ್ಕೆ ಸಿಗುತ್ತದೆ. ಏರ್‌ಬ್ಯಾಗ್ ಮೇಲೆ ಎಸ್‌ಆರ್‌ಎಸ್ ಅಂತ ಬರೆದಿರುತ್ತಲ್ಲ, ಅದರ ಮೊದಲ ಅಕ್ಷರದ ಅರ್ಥವೇ "ಜೊತೆಗೆ ಇರುವಂಥದ್ದು". ಬೆಲ್ಟಿನ ಜೊತೆಗೆ. ಸ್ಟೀರಿಂಗಿಗೂ ಎದೆಗೂ ನಡುವೆ ಒಂದು ಗೇಣಿಗಿಂತ ಜಾಸ್ತಿ ಜಾಗ ಇರಲಿ.

ಬೆಲ್ಟ್ ಹಾಕದಿದ್ದರೆ ಬರುವ ಟೊಂ ಟೊಂ ಸದ್ದು ನಿಲ್ಲಿಸೋಕೆ ಬರೀ ಬಕಲ್ ಮಾರುತ್ತಾರಲ್ಲ, ಅದನ್ನು ನಮ್ಮ ಗ್ಯಾರೇಜಲ್ಲಿ ಕೇಳಬೇಡಿ. 2023ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಅದನ್ನು ಆನ್‌ಲೈನ್ ಅಂಗಡಿಗಳಿಂದ ತೆಗೆಸಿತು.

ಹಿಂದಿನ ಸೀಟಿಗೂ ಬೆಲ್ಟ್ ಬೇಕಾ? ಮಗು ನನ್ನ ಮಡಿಲಲ್ಲೇ ಇರುತ್ತಲ್ಲ?

ಬೇಕು. 2022ರ ಸೆಪ್ಟೆಂಬರ್ 4ರಂದು ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡರಲ್ಲ, ಪಾಲ್ಘರ್ ಹತ್ತಿರ. ದುಬಾರಿ ಗಾಡಿ, ಹೆಸರಾಂತ ಕಂಪನಿ. ಅವರು ಹಿಂದೆ ಕೂತಿದ್ದರು, ಬೆಲ್ಟ್ ಹಾಕಿರಲಿಲ್ಲ. ಪಕ್ಕದಲ್ಲಿದ್ದವರೂ ಹಾಕಿರಲಿಲ್ಲ, ಅವರೂ ಉಳಿಯಲಿಲ್ಲ. ಮುಂದೆ ಕೂತ ಇಬ್ಬರೂ ಪೆಟ್ಟಾದರೂ ಬದುಕಿದರು.

ಮಡಿಲ ಮಗುವಿನ ಮಾತಿಗೆ ಬರೋಣ. ತಾಯಂದಿರು "ನಾನು ಗಟ್ಟಿಯಾಗಿ ಹಿಡಕೊಂಡಿರ್ತೀನಿ" ಅನ್ನುತ್ತಾರೆ. ಅಕ್ಕಾ, ಮೇಲೆ ಹೇಳಿದ 64ರ ಲೆಕ್ಕದಲ್ಲೇ 10 ಕೆಜಿ ಕೂಸು ಆ ಕ್ಷಣಕ್ಕೆ ಎರಡೂವರೆ ಕ್ವಿಂಟಲಿಗಿಂತ ಜಾಸ್ತಿ ತೂಗುತ್ತದೆ. ಯಾರ ಕೈಯಲ್ಲೂ ಆಗುವುದಿಲ್ಲ. ಮುಂದಿನ ಸೀಟಿನಲ್ಲಿ ಮಡಿಲ ಮೇಲೆ ಕೂರಿಸಿಕೊಂಡರೆ ಇನ್ನೂ ಕೆಟ್ಟದ್ದು, ಏರ್‌ಬ್ಯಾಗಿಗೂ ನಿಮಗೂ ನಡುವೆ ಮಗುವೇ ಸಿಕ್ಕಿಹಾಕಿಕೊಳ್ಳುತ್ತದೆ. ಮಕ್ಕಳ ಸೀಟು ತಗೊಳ್ಳಿ, ಹಿಂದಿನ ಸೀಟಿಗೆ ಕಟ್ಟಿ. ಮಕ್ಕಳ ಸೀಟು ಸಿಕ್ಕಿಸೋಕೆ ಗಾಡಿಯಲ್ಲೇ ಐಸೋಫಿಕ್ಸ್ ಕೊಂಡಿ ಇದ್ದರೆ ಅದಕ್ಕೇ ಸಿಕ್ಕಿಸಿ. ನಾಮಕರಣಕ್ಕೆ ಬೆಳ್ಳಿ ಬಟ್ಟಲು ಕೊಡುವ ಸೋದರಮಾವಂದಿರು ಇದನ್ನೇ ಕೊಡಬಹುದಲ್ವಾ?

ಬಸುರಿಯರೂ ಬೆಲ್ಟ್ ಹಾಕಬೇಕು. ಕೆಳಗಿನ ಪಟ್ಟಿ ಹೊಟ್ಟೆಯ ಮೇಲಲ್ಲ, ಹೊಟ್ಟೆಯ ಕೆಳಗೆ, ತೊಡೆಯ ಬುಡದಲ್ಲಿ ಹೋಗಬೇಕು.

ಮುಂದೆ ಒಂದು ಕಬ್ಬಿಣದ ಗಾರ್ಡ್ ಹಾಕಿಕೊಡ್ತೀರಾ?

ಇಲ್ಲ. ಮೂತಿ ಹೇಗೆ ಮುದುಡಬೇಕು ಅಂತ ಕಂಪನಿ ಮಾಡಿದ ಲೆಕ್ಕ ಅದರಿಂದ ಕೆಡುತ್ತದೆ. ಗುದ್ದನ್ನು ಅಳೆಯುವ ಸೆನ್ಸರ್‌ಗಳಿಗೂ ದಾರಿ ತಪ್ಪುತ್ತದೆ. ನಡೆದು ಹೋಗುವವರಿಗೆ ತಾಗಿದರೆ ಕಾಲು ಪುಡಿ. 2017ರಿಂದ ಸರ್ಕಾರವೂ ಬೇಡ ಅಂದಿದೆ.

ಟೈರ್ ಇನ್ನೂ ಚೆನ್ನಾಗಿದೆ, ಯಾಕೆ ಬದಲಿಸಬೇಕು?

ಇದಕ್ಕೆ ನನ್ನದೇ ಕಥೆ ಹೇಳಬೇಕು. ಮೇ ತಿಂಗಳು, ಮಧ್ಯಾಹ್ನ ಎರಡು ಗಂಟೆ. ಹೊಸಪೇಟೆಯಲ್ಲಿ ಮದುವೆ ಊಟ ಮುಗಿಸಿ ಬಳ್ಳಾರಿಗೆ ವಾಪಸ್ ಬರುತ್ತಿದ್ದೆವು. ಐದು ಜನ, ಡಿಕ್ಕಿ ತುಂಬ ಪಾತ್ರೆ. ತೋರಣಗಲ್ಲು ದಾಟಿ ಕುಡತಿನಿ ಹತ್ತಿರ ಬಂದಾಗ ಹಿಂದಿನ ಎಡ ಟೈರ್ ಢಮ್ ಅಂತ ಹೋಯಿತು. ಗಾಡಿ ಬಾಲ ಅಲ್ಲಾಡಿಸಿತು. ಒಂದು ಸಲ ಬಲಕ್ಕೆ, ಒಂದು ಸಲ ಎಡಕ್ಕೆ. ಬ್ರೇಕ್ ಮೇಲೆ ಕಾಲು ಹೋಗಿತ್ತು, ತಡೆದುಕೊಂಡೆ. ಎದುರಿಗೆ ಅದಿರು ಲಾರಿ ಇರಲಿಲ್ಲ, ಅದೊಂದು ಪುಣ್ಯ. ರಸ್ತೆ ಬಿಟ್ಟು ಗರಸಿನ ಮೇಲೆ ಹೋಗಿ ನಿಂತೆವು. ಬೆಲ್ಟ್ ಹಾಕದೆ ಹಿಂದೆ ಕೂತಿದ್ದ ಚಿಕ್ಕಮ್ಮನ ಬಾಯಿ ಮುಂದಿನ ಸೀಟಿಗೆ ಬಡಿದು ಹಲ್ಲೊಂದು ಅಲುಗಾಡಿತು.

ಇಳಿದು ಟೈರ್ ನೋಡಿದರೆ ನಾಚಿಕೆ ಆಯಿತು. ಪಟ್ಟೆ ಚೆನ್ನಾಗೇ ಇತ್ತು, ಟೈರಿಗೆ ಮಾತ್ರ ಏಳು ವರ್ಷ ಆಗಿತ್ತು. ಬೆಳಗ್ಗೆ ಹೊರಡುವಾಗ ಗಾಳಿ ನೋಡಿರಲಿಲ್ಲ. ದಿನಕ್ಕೆ ಹತ್ತು ಜನಕ್ಕೆ "ಟೈರ್ ನೋಡ್ರೀ" ಅನ್ನುವವನ ಟೈರ್ ಅದು.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ. 2319 ಅಂತಿದ್ದರೆ 2019ನೇ ಇಸವಿಯ 23ನೇ ವಾರದಲ್ಲಿ ಮಾಡಿದ್ದು. ಐದು ವರ್ಷ ದಾಟಿದ ಮೇಲೆ ನಮ್ಮ ಬಿಸಿಲಲ್ಲಿ ಪಕ್ಕದ ಗೋಡೆಯ ಸಣ್ಣ ಬಿರುಕುಗಳನ್ನು ಹತ್ತಿರದಿಂದ ನೋಡಿ. ಪಟ್ಟೆಯ ಆಳ 1.6 ಮಿ.ಮೀ.ಗೆ ಇಳಿದರೆ ಟೈರಿನ ಆಯಸ್ಸು ಮುಗಿಯಿತು. ಪಟ್ಟೆಗಳ ನಡುವಿನ ಸಂದಿಯಲ್ಲಿ ಉಬ್ಬಿರುವ ಸಣ್ಣ ಗುರುತಿಗೆ ಪಟ್ಟೆ ಸಮ ಬಂದಿದ್ದರೆ ಅದೇ ಲೆಕ್ಕ.

ಜನ ಬೇಸಿಗೆಯಲ್ಲಿ ಗಾಳಿ ಕಮ್ಮಿ ಹಾಕಿಸುತ್ತಾರೆ, ಬಿಸಿಗೆ ಹಿಗ್ಗಿ ಒಡೆಯುತ್ತೆ ಅಂತ. ಇದು ಪೂರಾ ಉಲ್ಟಾ. ಗಾಳಿ ಕಮ್ಮಿ ಇದ್ದರೆ ಟೈರಿನ ಪಕ್ಕ ಪ್ರತಿ ಸುತ್ತಿಗೂ ಮಡಚಿ ಬಿಚ್ಚಿ ಕಾಯುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿದರೆ ಬಿಸಿಯಾಗಿ ತುಂಡಾಗುತ್ತಲ್ಲ, ಹಾಗೆ. ಡ್ರೈವರ್ ಬಾಗಿಲ ಹತ್ತಿರ ಅಂಟಿಸಿರುವ ಚೀಟಿಯಲ್ಲಿ ಎಷ್ಟಿದೆಯೋ ಅಷ್ಟು ಹಾಕಿಸಿ. ಗಾಡಿ ತಣ್ಣಗಿರುವಾಗ. ಲೋಡ್ ಇದ್ದರೆ ಲೋಡಿನ ಅಂಕಿ ಬೇರೆ ಕೊಟ್ಟಿರುತ್ತಾರೆ. ಸ್ಟೆಪ್ನಿಗೂ ಗಾಳಿ ಬೇಕು.

ಟೈರ್ ಒಡೆದರೆ ಬ್ರೇಕ್ ಒತ್ತಬೇಡಿ. ಸ್ಟೀರಿಂಗ್ ನೇರ ಹಿಡಿದು, ಆಕ್ಸಿಲರೇಟರ್ ನಿಧಾನ ಬಿಡಿ. ವೇಗ ಇಳಿದ ಮೇಲೆ ಬದಿಗೆ ತಗೊಳ್ಳಿ.

ನೈಟ್ರೋಜನ್ ಹಾಕಿಸಲಾ?

ಪುಕ್ಕಟೆ ಕೊಟ್ಟರೆ ಹಾಕಿಸಿ. ಸಾದಾ ಗಾಳಿಯಲ್ಲೇ ಶೇ. 78 ನೈಟ್ರೋಜನ್ ಇದೆ.

ನಮ್ಮ ಧೂಳು, ಬಿಸಿಲಿಗೆ ಗಾಡಿ ಎಷ್ಟು ವರ್ಷ ಬಾಳುತ್ತೆ?

ತುಕ್ಕಿನ ವಿಷಯದಲ್ಲಿ ನಾವು ಪುಣ್ಯವಂತರು. ಮಂಗಳೂರು ಕಡೆಯ ಗಾಡಿಯನ್ನು ರ‍್ಯಾಂಪಿಗೆ ಏರಿಸಿದರೆ ಕೆಳಗೆಲ್ಲ ತುಕ್ಕು. ನಮ್ಮ ಒಣ ಹವೆಯಲ್ಲಿ ಹದಿನೈದು ವರ್ಷದ ಗಾಡಿಯ ನೆಲವೂ ಗಟ್ಟಿ ಇರುತ್ತದೆ. ನಮ್ಮಲ್ಲಿ ಹೋಗುವುದು ರಬ್ಬರ್, ಬ್ಯಾಟರಿ, ಫಿಲ್ಟರ್.

ಸಂಡೂರು, ತೋರಣಗಲ್ಲು ಕಡೆ ಓಡಾಡುವ ಗಾಡಿಯ ಏರ್ ಫಿಲ್ಟರ್ ತೆಗೆದು ಕೆಳಗೆ ತಟ್ಟಿದರೆ ಕುಂಕುಮದ ಹಾಗೆ ಕೆಂಪು ಪುಡಿ ಉದುರುತ್ತದೆ. ಅದಿರಿನ ಧೂಳು ಅಂದ್ರೆ ಕಬ್ಬಿಣದ ಪುಡಿ. ಫಿಲ್ಟರ್ ತೂತಾಗಿ ಅದು ಒಳಗೆ ಹೋದರೆ ಪಿಸ್ಟನ್ ರಿಂಗನ್ನೂ ಲೈನರನ್ನೂ ಸಾಣೆ ಹಿಡಿದ ಹಾಗೆ ಸವೆಸುತ್ತದೆ. ಆಮೇಲೆ ಆಯಿಲ್ ಕುಡಿಯೋಕೆ ಶುರು. ಪುಸ್ತಕದಲ್ಲಿ ಹೇಳಿದ ಕಿಲೋಮೀಟರಿನ ಅರ್ಧಕ್ಕೇ ಫಿಲ್ಟರ್ ಬದಲಿಸಿ. ಗಾಳಿ ಹೊಡೆಸುವುದಾದರೆ ಒಳಗಿಂದ ಹೊರಕ್ಕೆ, ಮೆತ್ತಗೆ. ನಮ್ಮ ಹುಡುಗರೇ ಎಷ್ಟೋ ಸಲ ಹೊರಗಿಂದ ಜೋರಾಗಿ ಹೊಡೆದು ಕಾಗದ ಹರಿದು ಬೈಸಿಕೊಂಡಿದ್ದಾರೆ.

ಏಪ್ರಿಲ್-ಮೇನಲ್ಲಿ 40 ಡಿಗ್ರಿ ದಾಟುತ್ತದೆ. ಕೂಲೆಂಟ್ ಬದಲು ಬೋರಿನ ನೀರು ಸುರಿದರೆ ರೇಡಿಯೇಟರ್ ಒಳಗೆ ಸುಣ್ಣ ಕಟ್ಟುತ್ತದೆ. ನಮ್ಮ ಬೋರ್ ನೀರಿನ ಸವಳು ಗೊತ್ತಲ್ಲ, ಮನೆಯ ಬಕೆಟ್ ನೋಡಿದರೆ ಸಾಕು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಇದನ್ನು ಕೇಳಿ ಮಾಡಿಸುವವರು ನೂರಕ್ಕೆ ಇಬ್ಬರೂ ಸಿಗುವುದಿಲ್ಲ.

ಸೆಕೆಂಡ್ ಹ್ಯಾಂಡ್ ಗಾಡಿ ಗುದ್ದಿಸಿದ್ದೋ ಅಲ್ವೋ ಹೇಗೆ ಗೊತ್ತಾಗುತ್ತೆ?

ಬೆಳಗಿನ ಬೆಳಕಲ್ಲಿ ನೋಡಿ, ರಾತ್ರಿ ಬೇಡ. ಬಾನೆಟ್ ತೆಗೆದು ಬೋಲ್ಟುಗಳ ತಲೆ ಮೇಲಿನ ಬಣ್ಣ ಕಿತ್ತಿದೆಯಾ ನೋಡಿ. ಕಿತ್ತಿದ್ದರೆ ಬಿಚ್ಚಿದ್ದಾರೆ. ಡಿಕ್ಕಿಯ ಮ್ಯಾಟ್ ಎತ್ತಿ ಸ್ಟೆಪ್ನಿ ಗುಂಡಿ ನೋಡಿ, ಸುಕ್ಕು ಇದ್ದರೆ ಹಿಂದಿನಿಂದ ಪೆಟ್ಟು. ಬಾಗಿಲ ಬೀಡಿಂಗ್ ಎಳೆದು ಪಿಲ್ಲರ್ ಮೇಲೆ ಬೆರಳಾಡಿಸಿ. ಕಂಪನಿ ವೆಲ್ಡಿಂಗ್ ಸಾಲಾಗಿ ಸಣ್ಣ ಗುಳಿಗಳ ಹಾಗಿರುತ್ತದೆ. ಕೈ ವೆಲ್ಡಿಂಗ್ ಹುಳ ಹರಿದ ಹಾಗಿರುತ್ತದೆ. ಪಿಲ್ಲರ್ ಕತ್ತರಿಸಿ ಅಂಟಿಸಿದ ಗಾಡಿ ಎಷ್ಟೇ ಅಗ್ಗವಾದರೂ ಬೇಡ. ಬಂಪರ್, ಬಾಗಿಲು ಬದಲಾಗಿದ್ದರೆ ಚೌಕಾಸಿ ಮಾಡಿ ತಗೊಳ್ಳಿ.

ಸೀಟ್ ಬೆಲ್ಟನ್ನು ಕೊನೆವರೆಗೂ ಎಳೆಯಿರಿ. ತುದಿಯಲ್ಲಿ ಮಣ್ಣಿನ ಗೆರೆ ಇದ್ದರೆ ಗಾಡಿ ನೀರಲ್ಲಿ ಮುಳುಗಿತ್ತು.

ರಾತ್ರಿ ಹೊತ್ತು ಏನಕ್ಕೆ ಹೆದರಬೇಕು?

ನಿಂತ ಲಾರಿಗೆ. ಓಡುವ ಲಾರಿಗಿಂತ ನಿಂತ ಲಾರಿ ನಮ್ಮ ಕಡೆ ಜಾಸ್ತಿ ಅಪಾಯ, ಇದು ನನ್ನ ಅನುಭವ. ಪಂಕ್ಚರ್ ಆಗಿ ನಿಂತಿರುತ್ತದೆ, ಹಿಂದೆ ದೀಪ ಇಲ್ಲ, ನಾಲ್ಕು ಕಲ್ಲು ಇಟ್ಟಿರುತ್ತಾರೆ, ಅಷ್ಟೇ. ಕಾರು ಹೋಗಿ ಗುದ್ದಿದರೆ ಮೂತಿ ಲಾರಿಯ ಕೆಳಗೆ ನುಗ್ಗುತ್ತದೆ. ಮುದುಡಬೇಕಾದ ಭಾಗಕ್ಕೆ ಏನೂ ತಾಗುವುದೇ ಇಲ್ಲ. ಲಾರಿಯ ಹಲಗೆ ನೇರ ಗಾಜಿಗೆ, ತಲೆಗೆ ಬರುತ್ತದೆ. ಐದು ಸ್ಟಾರಿನ ಲೆಕ್ಕವೆಲ್ಲ ಅಲ್ಲಿಗೆ ಮುಗಿಯಿತು. ಲಾರಿ ಮಾಲೀಕರೇ, ಹಿಂದೆ ಕೆಳಗೆ ಅಡ್ಡ ಪಟ್ಟಿ ಇರುತ್ತಲ್ಲ, ಬಗ್ಗಿದ್ದರೆ ರಿಪೇರಿ ಮಾಡಿಸಿ. ಹೊಳೆಯುವ ಟೇಪ್ ಅಂಟಿಸಿ. ಧೂಳು ಕೂತರೆ ಅದೂ ಕಾಣುವುದಿಲ್ಲ, ಒರೆಸಿ.

ಡಿಮ್ ಲೈಟಿನಲ್ಲಿ ಚೆನ್ನಾಗಿ ಕಾಣುವುದು ಸುಮಾರು 50-60 ಮೀಟರ್. 80ರ ವೇಗದಲ್ಲಿ ಸೆಕೆಂಡಿಗೆ 22 ಮೀಟರ್ ಹೋಗುತ್ತೀರಿ. ಕಂಡು, ಕಾಲು ಬ್ರೇಕಿಗೆ ಹೋಗೋಕೆ ಒಂದೂವರೆ ಸೆಕೆಂಡ್ ಅಂದುಕೊಳ್ಳಿ, 33 ಮೀಟರ್ ಹೋಯಿತು. ಆಮೇಲೆ ಒಳ್ಳೇ ಟೈರ್, ಒಣ ರಸ್ತೆ ಇದ್ದರೂ ನಿಲ್ಲೋಕೆ ಇನ್ನೊಂದು 36 ಮೀಟರ್. ಒಟ್ಟು 69. ಕಂಡಿದ್ದು 60. ಆ ಒಂಬತ್ತು ಮೀಟರಿನಲ್ಲಿ ಲಾರಿ ಇದೆ.

ಸುಗ್ಗಿಯಲ್ಲಿ ಸಿರುಗುಪ್ಪ, ಗಂಗಾವತಿ, ಸಿಂಧನೂರು ರಸ್ತೆಗಳದ್ದು ಬೇರೆ ಕಥೆ. ಭತ್ತ ರಸ್ತೆ ಮೇಲೆ ಒಣಗುತ್ತಿರುತ್ತದೆ, ಸುತ್ತ ಕಲ್ಲು. ಕಾಳಿನ ಮೇಲೆ ಬ್ರೇಕ್ ಹಾಕಿದರೆ ಗೋಲಿ ಮೇಲೆ ಕಾಲಿಟ್ಟ ಹಾಗೆ. ಹುಲ್ಲು ಹೇರಿದ ಟ್ರ್ಯಾಕ್ಟರ್ ಎರಡೂ ಕಡೆ ಚಾಚಿಕೊಂಡಿರುತ್ತದೆ, ಒಂದು ಕೆಂಪು ದೀಪವೂ ಇರುವುದಿಲ್ಲ. ನಾಟಿ ಹೊತ್ತಿನಲ್ಲಿ ಗದ್ದೆಯಿಂದ ಬಂದ ಗಾಲಿಗಳು ಎರೆ ಮಣ್ಣಿನ ಹೆಂಟೆ ಉದುರಿಸಿರುತ್ತವೆ, ಮೇಲೆ ನಾಲ್ಕು ಹನಿ ಬಿದ್ದರೆ ಬೆಣ್ಣೆ. ಎಬಿಎಸ್ ಇದ್ದರೆ ಚಕ್ರ ಲಾಕ್ ಆಗದೆ ಸ್ಟೀರಿಂಗ್ ತಿರುಗುತ್ತದೆ. ಆದರೆ ಅದು ರಸ್ತೆಗೆ ಹಿಡಿತ ತಂದುಕೊಡುವುದಿಲ್ಲ. ಕಾಲಿನ ಕೆಳಗೆ ಗಡಗಡ ಅಂದರೆ ಹೆದರಿ ಬಿಡಬೇಡಿ, ಒತ್ತೇ ಇರಿ.

ಮಗನಿಗೆ ಹದಿನೇಳು. ಊರೊಳಗೆ ಮಾತ್ರ ಓಡಿಸ್ತಾನೆ, ಪರವಾಗಿಲ್ವಾ?

ಖಂಡಿತ ಬೇಡ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿ ಪ್ರಕಾರ ಜೈಲಿಗೆ ಹೋಗುವವರು ನೀವು. ಮೂರು ವರ್ಷದವರೆಗೆ ಸಜೆ, 25,000 ರೂಪಾಯಿ ದಂಡ, ಒಂದು ವರ್ಷ ಗಾಡಿಯ ಆರ್‌ಸಿ ರದ್ದು. ಅವನಿಗೆ 25 ಆಗುವವರೆಗೆ ಲೈಸೆನ್ಸ್ ಇಲ್ಲ. ನಮ್ಮೂರ ಕೌಲ್ ಬಜಾರಿನ ಸಂದಿಯಲ್ಲಿ ಓಡಾಡುವ ಮಕ್ಕಳಿಗೆ ಅದು ಊರೊಳಗೋ ಹೊರಗೋ ಗೊತ್ತಾಗುವುದಿಲ್ಲ.

ಎರಡೇ ಪೆಗ್. ಇಪ್ಪತ್ತು ವರ್ಷ ಸರ್ವಿಸ್ ನನ್ನದು.

ಇದು ಪ್ರಶ್ನೆಯೇ ಅಲ್ಲ. ಆದರೂ ದಿನಾ ಕೇಳುತ್ತೇನೆ. 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ. ದಾಟಿದರೆ ಕೇಸು. ಕೀ ಇಲ್ಲಿ ಕೊಟ್ಟು ಆಟೋದಲ್ಲಿ ಹೋಗಿ.

ರಸ್ತೆಯಲ್ಲಿ ಆಕ್ಸಿಡೆಂಟ್ ಕಂಡರೆ ನಿಲ್ಲಿಸಿದರೆ ನಾವೇ ಸಿಕ್ಕಿಹಾಕಿಕೊಳ್ತೀವಾ?

ಇಲ್ಲ. ಮೊದಲು ಹಾಗಿತ್ತು, ಜನ ಹೆದರುತ್ತಿದ್ದರು. ಈಗ ಸಹಾಯ ಮಾಡಿದವರ ಮೇಲೆ ಕೇಸು ಹಾಕುವ ಹಾಗಿಲ್ಲ, ಹೆಸರು ಹೇಳು ಅಂತ ಒತ್ತಾಯ ಮಾಡುವ ಹಾಗೂ ಇಲ್ಲ. ಕರ್ನಾಟಕ ಇದಕ್ಕೆ ತನ್ನದೇ ಕಾಯ್ದೆ ಮಾಡಿದ ರಾಜ್ಯ. 108ಕ್ಕೆ ಫೋನ್ ಮಾಡಿ. ರಾಷ್ಟ್ರೀಯ ಹೆದ್ದಾರಿ ಆಗಿದ್ದರೆ 1033ಕ್ಕೂ ಮಾಡಿ. ನಿಮ್ಮ ಗಾಡಿ ದೂರ ನಿಲ್ಲಿಸಿ, ನಾಲ್ಕೂ ಇಂಡಿಕೇಟರ್ ಹಾಕಿ. ಗಾಯಾಳುವನ್ನು ಬೆಂಕಿಯ ಭಯ ಇಲ್ಲದಿದ್ದರೆ ಎಳೆದಾಡಬೇಡಿ, ಕುತ್ತಿಗೆಯ ಮೂಳೆಗೆ ಪೆಟ್ಟಾಗಿರಬಹುದು. ರಕ್ತ ಬರುವ ಕಡೆ ಬಟ್ಟೆ ಒತ್ತಿ ಹಿಡಿಯಿರಿ. ನೀರು ಕುಡಿಸಬೇಡಿ. ದುಡ್ಡಿನ ಚಿಂತೆ ಅಂದರೆ, 2025ರ ಮೇನಲ್ಲಿ ಬಂದ ಕೇಂದ್ರದ ಯೋಜನೆಯಲ್ಲಿ ಏಳು ದಿನದವರೆಗೆ ಒಂದೂವರೆ ಲಕ್ಷದ ತನಕ ನಗದುರಹಿತ ಚಿಕಿತ್ಸೆ ಇದೆ.

ಏರ್‌ಬ್ಯಾಗ್ ಒಡೆದಿದೆ, ಹೊಸದು ದುಬಾರಿ. ಲೈಟ್ ಮಾತ್ರ ಆಫ್ ಮಾಡಿ ಕೊಡ್ತೀರಾ?

ತಿಂಗಳಿಗೆ ಒಬ್ಬರಾದರೂ ಕೇಳುತ್ತಾರೆ. ಗಾಡಿ ಮಾರುವ ಮುಂಚೆ ಕೇಳುವವರೇ ಜಾಸ್ತಿ. ಚೀಲದ ಜಾಗಕ್ಕೆ ಚಿಂದಿ ತುರುಕಿ, ವೈರಿಗೆ ಒಂದು ಸಣ್ಣ ರೆಸಿಸ್ಟರ್ ಹಾಕಿದರೆ ಗಾಡಿಯ ಕಂಪ್ಯೂಟರ್ ಮೋಸ ಹೋಗುತ್ತದೆ, ದೀಪ ಆರುತ್ತದೆ. ಮಾಡಿಕೊಡುವವರು ಇದ್ದಾರೆ. ನಾವು ಮಾಡುವುದಿಲ್ಲ. ಒಮ್ಮೆ ಬಿಚ್ಚಿದ ಏರ್‌ಬ್ಯಾಗ್ ಮತ್ತೆ ಬರುವುದಿಲ್ಲ, ಆ ಗುದ್ದಿನಲ್ಲಿ ಎಳೆದ ಬೆಲ್ಟ್ ಕೂಡ ಬದಲಿಸಬೇಕು. ಎರಡರ ಬಿಲ್ಲೂ ಇನ್ಶೂರೆನ್ಸಿಗೆ ಹಾಕಿ.

ನೀವು ಕೊಳ್ಳುವವರಾದರೆ ಕೀ ಆನ್ ಮಾಡಿ, ಸ್ಟಾರ್ಟ್ ಮಾಡಬೇಡಿ. ಮೀಟರಿನಲ್ಲಿ ಏರ್‌ಬ್ಯಾಗ್ ದೀಪ ಮೊದಲು ಹತ್ತಬೇಕು, ಕೆಲವು ಸೆಕೆಂಡ್ ಬಿಟ್ಟು ಆರಬೇಕು. ಹತ್ತಿದ್ದು ಆರದಿದ್ದರೆ ತೊಂದರೆ ಇದೆ. ಹತ್ತದೇ ಇದ್ದರೆ ಯಾರೋ ಬಲ್ಬ್ ಕಿತ್ತಿದ್ದಾರೆ. ಸರಿಯಾಗಿ ಹತ್ತಿ ಆರಿದರೂ ರೆಸಿಸ್ಟರ್ ಇರಬಹುದು. ಅದಕ್ಕೆ ಸ್ಟೀರಿಂಗ್ ಮೇಲಿನ ಮುಚ್ಚಳದ ಬಣ್ಣ ಸುತ್ತಲಿನದಕ್ಕೆ ಹೊಂದುತ್ತಾ, ಅಂಚು ಸಮ ಇದೆಯಾ ನೋಡಿ. ಅನುಮಾನ ಬಂದರೆ ಗಾಡಿ ತಗೊಂಡು ಬನ್ನಿ, ಸ್ಕ್ಯಾನರ್ ಹಾಕಿ, ಮುಚ್ಚಳ ಬಿಚ್ಚಿ ತೋರಿಸುತ್ತೇನೆ. ಭಾನುವಾರ ರಜಾ.